ದೂರದವರಿಗೆ ನುಣ್ಣಗೆ ಕಂಡ ನೂರಿಸ್ತಾನ

ಅಫ್ಘಾನಿಸ್ತಾನದ ಪೂರ್ವದಂಚಿನಲ್ಲಿ, ಹಿಂದೂಕುಷ್ ಪರ್ವತಗಳ ದಕ್ಷಿಣದ ಇಳಿಜಾರಿನಲ್ಲಿ ಬದುಕುವ ನೂರಿಸ್ತಾನಿಗಳನ್ನು ‘ಇವರು ನಮ್ಮವರು’ ಎಂದು ಹೇಳಿಕೊಂಡವರ ಪಟ್ಟಿ ಉದ್ದವಾಗಿದೆ. ಅಲ್ಲಲ್ಲಿ ನೀಲಿ ಕಣ್ಣು, ಕೆಂಚುಗೂದಲು ಕಂಡ ಯುರೋಪಿನ ಪ್ರವಾಸಿಗಳು ಅಲೆಕ್ಸಾಂಡರನ ಸೈನಿಕರ ಸಂತಾನ ಎಂದರು. ಅಲ್ಲಿನವರು ದ್ರಾಕ್ಷಾರಸ ಕುಡಿಯುತ್ತಾರೆ ಎಂದು ಕೇಳಿದ ಪಾದ್ರಿಗಳು ಕಳೆದುಹೋದ ಕ್ರೈಸ್ತರಿರಬಹುದು ಎಂದುಕೊಂಡರು. ಅವರ ಹಳೆಯ ದೇವತೆಗಳಲ್ಲಿ ಇಂದ್ರನನ್ನು ನೆನಪಿಸುವ ಹೆಸರೊಂದಿದೆ ಎಂದು ತಿಳಿದ ನಮ್ಮ ವಾಟ್ಸ್‌ಆ್ಯಪ್ ಇತಿಹಾಸಕಾರರು ಅವರನ್ನು ಒಂದೇ ಏಟಿಗೆ ಹಿಂದೂಗಳನ್ನಾಗಿ ಮಾಡಿಬಿಟ್ಟರು. 1980ರ ದಶಕದಲ್ಲಿ, ಇಸ್ಲಾಮಿನ ಮೊದಲ ತಲೆಮಾರುಗಳ ಆಚರಣೆಗೇ ಮರಳಬೇಕೆನ್ನುವ ಸಲಫಿ ಪ್ರಚಾರಕರು ಶುದ್ಧ ಇಸ್ಲಾಮಿನ ಮಾದರಿ ರಾಜ್ಯ ಕಟ್ಟಲು ಇದೇ ಸರಿಯಾದ ನೆಲ ಎಂದು ಬಂದರು. ಸುವಾರ್ತೆ ತಲುಪದ ಜನಾಂಗಗಳ ಪಟ್ಟಿ ಹಿಡಿದು ಪ್ರಾರ್ಥಿಸುವ ಪಾಶ್ಚಾತ್ಯ ಕ್ರೈಸ್ತ ಸಂಘಟನೆಗಳು ಈ ಸಾಲಿನಲ್ಲಿ ಕೊನೆಗೆ ನಿಂತಿವೆ.

ಈ ಕೊನೆಯವರ ಬಗ್ಗೆ ಈಗ ಬರೆಯಲು ಕಾರಣವಿದೆ. 2023ರ ಸೆಪ್ಟೆಂಬರಿನಲ್ಲಿ ತಾಲಿಬಾನ್ ಆಡಳಿತವು ಘೋರ್ ಪ್ರಾಂತ್ಯದಲ್ಲಿ ಇಂಟರ್‌ನ್ಯಾಷನಲ್ ಅಸಿಸ್ಟೆನ್ಸ್ ಮಿಷನ್ ಎಂಬ ಕ್ರೈಸ್ತ ನೆರವು ಸಂಸ್ಥೆಯ 18 ಮಂದಿ ಸಿಬ್ಬಂದಿಯನ್ನು ಬಂಧಿಸಿತು. ಕ್ರೈಸ್ತ ಮತಪ್ರಚಾರ ಮಾಡಿದರು ಎಂಬುದು ಆರೋಪ. 1966ರಿಂದ ಆ ದೇಶದಲ್ಲಿ ಕೆಲಸ ಮಾಡುತ್ತಿರುವ ಈ ಸಂಸ್ಥೆಯದೇ ವೈದ್ಯಕೀಯ ತಂಡವೊಂದು 2010ರಲ್ಲಿ ನೂರಿಸ್ತಾನದಿಂದ ಮರಳುವಾಗ ಹತ್ಯೆಯಾಗಿತ್ತು. ಆಗಲೂ ಕೊಂದವರು ಕೊಟ್ಟ ಕಾರಣ ಇದೇ. ಇವೆರಡರ ನಡುವೆ ಕಾಬೂಲಿನಲ್ಲಿ ಸರ್ಕಾರ ಬದಲಾಯಿತು, ಅಮೆರಿಕದ ಸೇನೆ ಹೊರಟುಹೋಯಿತು. ಆರೋಪ ಮಾತ್ರ ಉಳಿದುಕೊಂಡಿತು. ಏಕೆ ಎಂದು ತಿಳಿಯಬೇಕಾದರೆ ಮೊದಲು ಆ ಬೆಟ್ಟಗಳ ಬದುಕನ್ನು ನೋಡಬೇಕು.

ನೂರಿಸ್ತಾನದಲ್ಲಿ ಸಮತಟ್ಟಾದ ನೆಲವೇ ಅಪರೂಪ. ಇರುವ ಸ್ವಲ್ಪವೂ ಬೆಳೆಗೆ ಬೇಕು. ಹಾಗಾಗಿ ಮನೆಗಳು ಕಡಿದಾದ ಬೆಟ್ಟದ ಮೈಗೆ ಒಂದರ ಮೇಲೊಂದು ಅಂಟಿಕೊಂಡಿವೆ. ಕೆಳಗಿನ ಮನೆಯ ಮಾಳಿಗೆಯೇ ಮೇಲಿನ ಮನೆಯ ಅಂಗಳ. ಮರದ ದಿಮ್ಮಿಗೆ ಮೆಟ್ಟಿಲು ಕೊರೆದ ಏಣಿಯಲ್ಲಿ ಹತ್ತಿ ಇಳಿಯಬೇಕು. ದೇವದಾರು ಕಂಬಗಳ ಮೇಲೆ ನುಣುಪಾದ ಕೆತ್ತನೆ. ಸುತ್ತಲಿನ ಅಫ್ಘನ್ನರು ನೆಲದ ಮೇಲೆ ಕಂಬಳಿ ಹಾಸಿ ಕೂರುವವರು. ಇವರಿಗೆ ಹಿಂದಿನಿಂದಲೂ ಕುರ್ಚಿ, ಮಣೆ ಬೇಕು. ಹಳೆಯ ಕಾಲದಲ್ಲಿ ಕೊಂಬಿನಾಕಾರದ ಅಲಂಕಾರವಿದ್ದ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಸುಮ್ಮನೆ ಸಿಗುತ್ತಿರಲಿಲ್ಲ. ಹತ್ತಾರು ಆಡುಗಳನ್ನು ಕಡಿದು ಊರಿಗೆಲ್ಲ ಊಟ ಹಾಕಿಸಿದವನಿಗೆ ಆ ಗೌರವ.

ಆಡು ಎಂದರೆ ಅಲ್ಲಿ ಆಸ್ತಿ, ಮಾನ, ಆಹಾರ ಎಲ್ಲವೂ. ಬೇಸಿಗೆ ಬಂತೆಂದರೆ ಗಂಡಸರು ಮಂದೆ ಹೊಡೆದುಕೊಂಡು ಎತ್ತರದ ಹುಲ್ಲುಗಾವಲಿಗೆ ಹೊರಟುಬಿಡುತ್ತಾರೆ. ತುಪ್ಪ ಕಾಯಿಸುವುದು, ಚೀಸ್ ಮಾಡುವುದು ಅಲ್ಲಿಯೇ, ಅದೂ ಗಂಡಸರ ಕೈಯಲ್ಲೇ. ನೂರಿಸ್ತಾನದ ಚೀಸ್ ಕಾಬೂಲಿನವರೆಗೂ ಹೆಸರುವಾಸಿ. ಚಳಿಗಾಲದಲ್ಲಿ ಓಕ್ ಮರಗಳ ಎಲೆಯೇ ಮಂದೆಗೆ ಮೇವು. ಹೊಲ ಹೆಂಗಸರದು. ಅಗೆತ, ಬಿತ್ತನೆ, ನೀರು ಹಾಯಿಸುವುದು, ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ಬುಟ್ಟಿಯನ್ನು ಬೆನ್ನಿಗೇರಿಸಿ ಗೊಬ್ಬರ ಹೊರುವುದು, ಕಟ್ಟಿಗೆ ತರುವುದು, ಎಲ್ಲವೂ ಅವರ ಪಾಲಿಗೆ. ಮೆಕ್ಕೆಜೋಳ, ಗೋಧಿ, ಕಿರುಧಾನ್ಯ ಬೆಳೆಯುವುದು ಬೆಟ್ಟಕ್ಕೆ ಕಲ್ಲು ಕಟ್ಟಿ ಮಾಡಿದ ಗದ್ದೆಗಳಲ್ಲಿ; ಅಕ್ರೋಟು, ಹಿಪ್ಪುನೇರಳೆ ಒಣಗಿಸಿಟ್ಟುಕೊಂಡರೆ ಚಳಿಗಾಲ ಸಾಗುತ್ತದೆ. ಬೆಟ್ಟದ ಸಂಸ್ಕೃತಿಯ ಬಗ್ಗೆ ಹೊರಗಿನವರು ಬರೆಯುವ ಸುಂದರ ವರ್ಣನೆಗಳಲ್ಲಿ ಆ ಬುಟ್ಟಿಯ ಭಾರ ಕಾಣಿಸುವುದು ಕಡಿಮೆ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಇಲ್ಲಿ ಒಬ್ಬಂಟಿಯಾಗಿ ಬದುಕಲು ಸಾಧ್ಯವಿಲ್ಲ, ಮುಂದಿನ ವಾದಕ್ಕೆ ಇದು ಮುಖ್ಯ. ಅಣ್ಣತಮ್ಮಂದಿರ ಮಂದೆ ಒಟ್ಟಿಗೆ ಇರುತ್ತದೆ. ಹುಲ್ಲುಗಾವಲಿನ ಹಕ್ಕು ವಂಶದ್ದು, ಕಾಲುವೆ ನೀರಿನ ಸರದಿ ವಂಶದ್ದು, ಜಗಳ ಬಂದರೆ ರಕ್ಷಣೆಯೂ ವಂಶದ್ದೇ. ದ್ರಾಕ್ಷಿ, ಅಕ್ರೋಟುಗಳನ್ನು ಗೊತ್ತುಪಡಿಸಿದ ದಿನಕ್ಕಿಂತ ಮೊದಲು ಯಾರೂ ಕೀಳದಂತೆ ಕಾಯಲು ಊರವರು ವರ್ಷಕ್ಕೊಮ್ಮೆ ಆರಿಸುತ್ತಿದ್ದ ಕಾವಲು ಮಂಡಳಿಯೊಂದನ್ನು 1890-91ರಲ್ಲಿ ಅಲ್ಲಿನ ಕಾಮ್ದೇಶ ಎಂಬ ಊರಿನಲ್ಲಿ ಉಳಿದಿದ್ದ ಬ್ರಿಟಿಷ್ ಅಧಿಕಾರಿ ಜಾರ್ಜ್ ಸ್ಕಾಟ್ ರಾಬರ್ಟ್‌ಸನ್ ವಿವರವಾಗಿ ದಾಖಲಿಸಿದ್ದಾನೆ. ಶಿಸ್ತು ತಪ್ಪಿದರೆ ದಂಡ. ಶಿಸ್ತು ಪೂರ್ತಿ ಮುರಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ: ಕಾಮ್ದೇಶದವರಿಗೂ ನೆರೆಯ ಕುಷ್ಟೋಜ್ ಹಳ್ಳಿಯವರಿಗೂ ನೀರಿನ ವಿಷಯಕ್ಕೆ ಹೊತ್ತಿಕೊಂಡ ಜಗಳ 1990ರ ದಶಕದಲ್ಲಿ ಆ ಹಳ್ಳಿಯನ್ನೇ ಸುಟ್ಟುಹಾಕುವವರೆಗೆ ಬೆಳೆಯಿತು.

ಭಾಷೆಯ ಮಾತು ಬೇರೆ. ಕಾತಿ, ವೈಗಲಿ, ಅಷ್ಕುನ್, ತ್ರೇಗಾಮಿ, ಪ್ರಸುನ್ ಎಂದು ಐದು ಭಾಷೆಗಳನ್ನು ಗುರುತಿಸುತ್ತಾರೆ. ನಾರ್ವೆಯ ಭಾಷಾವಿಜ್ಞಾನಿ ಗಿಯೋರ್ಗ್ ಮೋರ್ಗನ್‌ಸ್ಟಿಯೆರ್ನ 1920ರ ದಶಕದಲ್ಲಿ ಶುರುಮಾಡಿದ ಅಧ್ಯಯನಗಳಿಂದಾಗಿ ಇವು ಇಂಡೋ-ಆರ್ಯನ್ ಭಾಷೆಗಳಿಗೂ ಇರಾನಿ ಭಾಷೆಗಳಿಗೂ ಸೇರದ ಮೂರನೆಯ ಕವಲು ಎಂಬ ಅಭಿಪ್ರಾಯ ಬಲಗೊಂಡಿದೆ. ಒಂದು ಕಣಿವೆಯವರ ಮಾತು ಪಕ್ಕದ ಕಣಿವೆಯವರಿಗೆ ತಿಳಿಯದಿರುವುದು ಸಾಮಾನ್ಯ. ಇಡೀ ಪ್ರಾಂತ್ಯದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ ಎಂಬುದು ಸರ್ಕಾರಿ ಅಂದಾಜು. ದೇಶದಲ್ಲಿ 1979ರ ನಂತರ ಜನಗಣತಿಯೇ ನಡೆದಿಲ್ಲ, ಅದೂ ಅರ್ಧಕ್ಕೆ ನಿಂತದ್ದು.

ಈಗ ಧರ್ಮಕ್ಕೆ ಬರೋಣ. 19ನೇ ಶತಮಾನದ ಕೊನೆಯವರೆಗೂ ಇದು ಸುತ್ತಲಿನ ಮುಸ್ಲಿಮರ ಬಾಯಲ್ಲಿ ಕಾಫಿರಿಸ್ತಾನ, ಅಂದರೆ ಇಸ್ಲಾಮನ್ನು ನಂಬದವರ ನಾಡು. ಇಮ್ರಾ ಎಂಬ ಸೃಷ್ಟಿದೇವರು, ಗಿಶ್ ಎಂಬ ಯುದ್ಧದೇವರು, ದಿಜಾನೆ ಎಂಬ ದೇವಿ. ಪಾರೂನ್ ಕಣಿವೆಯಲ್ಲಿ ಇಮ್ರಾನ ದೊಡ್ಡ ಮರದ ದೇವಾಲಯ. ಸತ್ತ ಹಿರಿಯರ ನೆನಪಿಗೆ ಆಳೆತ್ತರದ ಮರದ ಪ್ರತಿಮೆಗಳು. 1893ರಲ್ಲಿ ಬ್ರಿಟಿಷ್ ಭಾರತಕ್ಕೂ ಅಫ್ಘಾನಿಸ್ತಾನಕ್ಕೂ ನಡುವೆ ಡ್ಯುರಾಂಡ್ ರೇಖೆ ಎಳೆದಾಗ ಈ ಕಣಿವೆಗಳಲ್ಲಿ ಬಹುಪಾಲು ಕಾಬೂಲಿನ ಅಮೀರ ಅಬ್ದುರ್ ರಹಮಾನ್ ಖಾನನ ಪಾಲಿಗೆ ಬಂದವು. ಅವನು 1895-96ರ ಚಳಿಗಾಲದಲ್ಲಿ, ಜನ ಎತ್ತರದ ಬೆಟ್ಟಗಳಿಗೆ ಓಡಿಹೋಗಲಾಗದ ಸಮಯ ನೋಡಿ ಹಲವು ದಿಕ್ಕಿನಿಂದ ಸೈನ್ಯ ನುಗ್ಗಿಸಿದ. ದೇವಾಲಯಗಳು ನೆಲಸಮವಾದವು, ಮೌಲ್ವಿಗಳು ಬಂದರು, ಹುಡುಗರನ್ನು ಕಾಬೂಲಿಗೆ ಒಯ್ದು ಸೈನ್ಯಕ್ಕೆ ಸೇರಿಸಲಾಯಿತು. ಗೆಲುವಿನ ಗುರುತಾಗಿ ಒಯ್ದ ಪ್ರತಿಮೆಗಳು ಮುಂದೆ ಕಾಬೂಲ್ ವಸ್ತುಸಂಗ್ರಹಾಲಯ ಸೇರಿದವು. 2001ರಲ್ಲಿ ತಾಲಿಬಾನಿಗಳು ಅವನ್ನು ಒಡೆದರು, ಆಮೇಲೆ ಸಿಬ್ಬಂದಿ ಚೂರುಗಳನ್ನು ಕೂಡಿಸಿ ನಿಲ್ಲಿಸಿದರು. ರೇಖೆಯ ಆಚೆ, ಈಗ ಪಾಕಿಸ್ತಾನದಲ್ಲಿರುವ ಚಿತ್ರಾಲಿನಲ್ಲಿ ಉಳಿದ ಕಲಾಶ ಎಂಬ ಜನ ಮಾತ್ರ ಕೆಲವು ಸಾವಿರ ಸಂಖ್ಯೆಯಲ್ಲಿ ಇಂದಿಗೂ ತಮ್ಮ ಹಳೆಯ ನಂಬಿಕೆಯಲ್ಲೇ ಇದ್ದಾರೆ.

ಕ್ರೈಸ್ತರ ಆಸಕ್ತಿ ಇದಕ್ಕಿಂತ ಹಳೆಯದು. 1603ರ ಹೊತ್ತಿಗೆ ಲಾಹೋರಿನಿಂದ ಚೀನಾದತ್ತ ಹೊರಟಿದ್ದ, ಜೆಸ್ಯುಟ್ ಎಂಬ ಕ್ಯಾಥೊಲಿಕ್ ಸಂಘದ ಬೆಂಟೊ ದ ಗೋಯಿಸ್, ಮುಸ್ಲಿಮರನ್ನು ಒಳಗೆ ಬಿಡದ, ಮದ್ಯ ಕುಡಿಯುವ, ಕಪ್ಪು ಬಟ್ಟೆಯುಟ್ಟು ಪೂಜೆಗೆ ಹೋಗುವ ಜನರ ಬಗ್ಗೆ ದಾರಿಯಲ್ಲಿ ಕೇಳಿ, ಇವರು ಕ್ರೈಸ್ತರೇ ಇರಬಹುದೇ ಎಂದು ಊಹಿಸಿದ. 1864ರಲ್ಲಿ ಪೇಶಾವರದ ಚರ್ಚ್ ಮಿಷನರಿ ಸೊಸೈಟಿಯು ಫಜಲ್ ಹಕ್ ಮತ್ತು ನೂರುಲ್ಲಾ ಎಂಬ ಇಬ್ಬರು ಮತಾಂತರಿತ ಪಠಾಣರನ್ನು ಗುಟ್ಟಾಗಿ ಕಳಿಸಿತು. ಅವರು ದಿನಚರಿಯನ್ನು ನಿಂಬೆರಸದಲ್ಲಿ ಬರೆದರು, ಸಿಕ್ಕಿಬಿದ್ದರೂ ಕಾಗದ ಖಾಲಿಯಾಗಿ ಕಾಣಲಿ ಎಂದು. 1896ರ ದಾಳಿಯ ಸುದ್ದಿ ತಲುಪಿದಾಗ ಬ್ರಿಟನ್ನಿನ ಮಿಷನರಿ ವಲಯಗಳಲ್ಲಿ ದೊಡ್ಡ ಗದ್ದಲವಾಯಿತು. ಮುಸ್ಲಿಮರಲ್ಲದ ಈ ಜನ ನಾಳೆ ತಮ್ಮತ್ತ ಬಂದಾರು ಎಂಬ ನಿರೀಕ್ಷೆ ಅಮೀರನಿಂದ ಕೈತಪ್ಪಿತ್ತು. ಅನ್ಯಾಯದ ಬಗ್ಗೆ ಅವರ ಕೋಪ ನಿಜವಾದದ್ದೇ. ಆದರೆ ಅದರಲ್ಲಿ ಕೈಗೆ ಬಂದ ತುತ್ತು ತಪ್ಪಿದ ಸಂಕಟವೂ ಬೆರೆತಿತ್ತು.

20ನೇ ಶತಮಾನದಲ್ಲಿ ಈ ನಿರೀಕ್ಷೆ ಬೇರೆ ರೂಪ ತಳೆಯಿತು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದ ಕ್ರೈಸ್ತ ಮತಪ್ರಚಾರಕರ ಸಮ್ಮೇಳನದಲ್ಲಿ ಅಮೆರಿಕದ ರಾಲ್ಫ್ ವಿಂಟರ್, ದೇಶಗಳ ಲೆಕ್ಕ ಬಿಡಿ, ಭಾಷೆ-ಕುಲಗಳ ಲೆಕ್ಕ ಹಿಡಿಯಿರಿ ಎಂದು ವಾದಿಸಿದ. 1990ರ ಸುಮಾರಿಗೆ ಲೂಯಿಸ್ ಬುಷ್ ಎಂಬ ಪ್ರಚಾರಕ ಉತ್ತರ ಅಕ್ಷಾಂಶ 10ರಿಂದ 40 ಡಿಗ್ರಿಗಳ ನಡುವಿನ ಭೂಪಟ್ಟಿಯನ್ನೇ ಗುರಿಯಾಗಿ ಗೆರೆ ಎಳೆದ. ನಂತರ ಬಂದ ಜೋಶುವಾ ಪ್ರಾಜೆಕ್ಟಿನಂಥ ದತ್ತಾಂಶ ಯೋಜನೆಗಳು ಪ್ರತಿಯೊಂದು ಜನಾಂಗಕ್ಕೂ ಒಂದು ಪುಟ, ಒಂದು ಫೋಟೊ, ಒಂದಷ್ಟು ಅಂಕಿಸಂಖ್ಯೆ, ಒಂದು ಪ್ರಾರ್ಥನಾ ಸೂಚನೆ ಸಿದ್ಧಪಡಿಸಿದವು. ಅಮೆರಿಕದ ಯಾವುದೋ ಪಟ್ಟಣದ ಸಣ್ಣ ಸಭೆಯೊಂದು ಹಿಂದೂಕುಷ್‌ನ ಒಂದು ಕಣಿವೆಯನ್ನು ‘ದತ್ತು’ ತೆಗೆದುಕೊಂಡು ಪ್ರಾರ್ಥಿಸುವ ರೂಢಿ ಹೀಗೆ ಬೆಳೆಯಿತು. ಬರಹದ ರೂಢಿ ಅಷ್ಟಾಗಿ ಇಲ್ಲದ ಭಾಷೆಗಳಿಗೆ ಬೈಬಲ್ ಕಥೆಗಳನ್ನು ಧ್ವನಿಮುದ್ರಿಸಿ ಹಂಚುವುದು, ಉಪಗ್ರಹ ಟಿವಿ, ಮೊಬೈಲ್ ಆ್ಯಪ್ ಇವೆಲ್ಲ ಅದರ ಮುಂದಿನ ಹಂತಗಳು.

ಈ ಪುಟಗಳನ್ನು ಬರೆಯುವವರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ತೊಂದರೆ ಇರುವುದು ಅವರ ಓದಿನಲ್ಲಿ. ‘ಕತ್ತಿಯ ಬಲದಿಂದ ಮುಸ್ಲಿಮರಾದವರು, ಆದ್ದರಿಂದ ಇವರ ಇಸ್ಲಾಂ ಮೇಲ್ಪದರದ್ದು, ಒಳಗೆ ಹಳೆಯ ಹುಡುಕಾಟ ಜೀವಂತವಿದೆ’ ಎಂಬ ತರ್ಕ ಇಂಥ ಬರಹಗಳ ಬೆನ್ನೆಲುಬು. ನೂರಿಸ್ತಾನದ ಮಟ್ಟಿಗೆ ಇದು ನೂರು ವರ್ಷ ಹಿಂದಿನ ಸುದ್ದಿ. ಬಲವಂತದಿಂದ ಬಂದ ಧರ್ಮವನ್ನು ಮೊಮ್ಮಕ್ಕಳು ಮನಸಾರೆ ತಮ್ಮದಾಗಿಸಿಕೊಂಡರು. 1978ರಲ್ಲಿ ಕಾಬೂಲಿನ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಇಸ್ಲಾಮಿನ ಹೆಸರಿನಲ್ಲಿ ಎಲ್ಲರಿಗಿಂತ ಮೊದಲು ಆಯುಧ ಹಿಡಿದವರಲ್ಲಿ ನೂರಿಸ್ತಾನಿಗಳಿದ್ದಾರೆ. ಆ ಮೊದಲಿಗತನದ ಬಗ್ಗೆ ಅವರಿಗೆ ಅಪಾರ ಹೆಮ್ಮೆ. ಶಾಲೆಗಳು ವಿರಳವಾದ್ದರಿಂದ ಹುಡುಗರು ಗಡಿ ದಾಟಿ ಪಾಕಿಸ್ತಾನದ ಮದರಸಗಳಿಗೆ ಹೋದರು, ಅಲ್ಲಿಂದ ಸಲಫಿ ವಿಚಾರ ತಂದರು. ಬರ್ಗ್-ಎ-ಮತಾಲ್‌ನ ಮೌಲ್ವಿ ಅಫ್ಜಲ್ 1980ರ ದಶಕದಲ್ಲಿ ಅಲ್ಲೊಂದು ‘ದೌಲತ್’ ಎಂಬ ಪುಟ್ಟ ಇಸ್ಲಾಮಿಕ್ ರಾಜ್ಯವನ್ನೇ ನಡೆಸಿದ. ಇಂಥ ಜನರನ್ನು ಹೆಸರಿಗೆ ಮಾತ್ರ ಮುಸ್ಲಿಮರು ಎನ್ನುವವರು ಹಳೆಯ ಕಾಫಿರಿಸ್ತಾನವನ್ನು ನೋಡುತ್ತಿದ್ದಾರೆ, ಎದುರಿಗಿರುವ ನೂರಿಸ್ತಾನವನ್ನಲ್ಲ. ಇಂದ್ರನನ್ನು ಹಿಡಿದುಕೊಂಡ ನಮ್ಮವರದೂ ಇದೇ ಕುರುಡು.

ಇನ್ನು ಕೊಲೆಗಳ ವಿಷಯ. 2010ರ ಬೇಸಿಗೆಯಲ್ಲಿ ಪಾರೂನ್ ಕಣಿವೆಯ ಜನರ ಆಹ್ವಾನದ ಮೇರೆಗೆ ಇಂಟರ್‌ನ್ಯಾಷನಲ್ ಅಸಿಸ್ಟೆನ್ಸ್ ಮಿಷನ್ ಒಂದು ಕಣ್ಣಿನ ಶಿಬಿರಕ್ಕೆ ಹೊರಟಿತು. ಎತ್ತರದ ಊರುಗಳಲ್ಲಿ ಸುಡು ಬಿಸಿಲು, ಹಿಮದ ಪ್ರತಿಫಲನ, ಮನೆಯೊಳಗಿನ ಒಲೆಯ ಹೊಗೆ ಸೇರಿ ಕಣ್ಣುಗಳನ್ನು ಕೆಡಿಸುತ್ತವೆ. ಪೊರೆ ಬಂದ ಮುದುಕಿಯನ್ನು ದಿನಗಟ್ಟಲೆ ಹೊತ್ತು ಸಾಗಿಸುವವರು ಯಾರು? ತಂಡದ ಮುಖ್ಯಸ್ಥ ಟಾಮ್ ಲಿಟಲ್ 1970ರ ದಶಕದಿಂದ ಅಫ್ಘಾನಿಸ್ತಾನದಲ್ಲಿದ್ದ ದೃಷ್ಟಿಪರೀಕ್ಷಾ ತಜ್ಞ (ಆಪ್ಟೊಮೆಟ್ರಿಸ್ಟ್), ಅಲ್ಲಿನ ಪಾರಸಿಯಾದ ದರಿ ಭಾಷೆ ಬಲ್ಲವರು. ಬ್ರಿಟಿಷ್ ವೈದ್ಯೆ ಕ್ಯಾರನ್ ವೂ ಜೊತೆಗಿದ್ದರು. ಹೆಂಗಸರನ್ನು ಹೆಂಗಸರೇ ಪರೀಕ್ಷಿಸಬೇಕಾದ ಊರುಗಳಲ್ಲಿ ಒಬ್ಬ ವೈದ್ಯೆ ಇದ್ದಾರೆಂದರೆ ಅರ್ಧ ಊರಿಗೆ ಬಾಗಿಲು ತೆರೆದಂತೆ. ನೇರ ದಾರಿ ಅಪಾಯಕಾರಿಯೆಂದು ಅವರು ಬದಕ್ಷಾನ್ ಮೂಲಕ ಸುತ್ತಿ, ಹಿಮದ ಕಣಿವೆದಾರಿಯನ್ನು ನಡೆದು ದಾಟಿ, ಕುದುರೆಗಳ ಮೇಲೆ ಸಾಮಾನು ಹೇರಿ ತಲುಪಿದರು. ನೂರಾರು ಮಂದಿಗೆ ಚಿಕಿತ್ಸೆ ನೀಡಿ ಮರಳುವಾಗ, ಆಗಸ್ಟ್ 5ರಂದು, ಬದಕ್ಷಾನಿನ ಕುರಾನ್-ವ-ಮುಂಜಾನ್ ಜಿಲ್ಲೆಯಲ್ಲಿ ಬಂದೂಕುಧಾರಿಗಳು ಅಡ್ಡಗಟ್ಟಿ ಹತ್ತು ಮಂದಿಯನ್ನು ಕೊಂದರು: ಆರು ಅಮೆರಿಕನ್ನರು, ಒಬ್ಬ ಬ್ರಿಟಿಷ್, ಒಬ್ಬ ಜರ್ಮನ್, ಇಬ್ಬರು ಅಫ್ಘನ್ನರು. ಕುರಾನಿನ ವಾಕ್ಯ ಹೇಳಿ ಅಂಗಲಾಚಿದ ಒಬ್ಬ ಅಫ್ಘನ್ ಚಾಲಕ ಬದುಕುಳಿದ.

ತಾಲಿಬಾನ್ ವಕ್ತಾರ ಹೊಣೆ ಹೊತ್ತು, ಅವರ ಬಳಿ ದರಿ ಭಾಷೆಯ ಬೈಬಲ್‌ಗಳಿದ್ದವು, ಅವರು ಗೂಢಚಾರರೂ ಆಗಿದ್ದರು ಎಂದ. ಸಂಸ್ಥೆ ಇದನ್ನು ಖಡಾಖಂಡಿತವಾಗಿ ನಿರಾಕರಿಸಿತು: ನಮ್ಮದು ಕ್ರೈಸ್ತ ನಂಬಿಕೆಯ ಸಂಸ್ಥೆ, ಆದರೆ ಮತಪ್ರಚಾರ ನಮ್ಮ ಕೆಲಸವಲ್ಲ. ಆರೋಪಕ್ಕೆ ಪುರಾವೆ ಸಿಗಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಪುರಾವೆ ಬೇಕಾಗಿಯೂ ಇರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂಥ ಸುಳ್ಳನ್ನು ಆ ದೇಶದಲ್ಲಿ ಇಷ್ಟು ಜನ ಅಷ್ಟು ಸುಲಭವಾಗಿ ನಂಬಿದ್ದೇಕೆ?

ಉತ್ತರ ಒಂಬತ್ತು ವರ್ಷ ಹಿಂದಿದೆ. 2001ರ ಆಗಸ್ಟಿನಲ್ಲಿ ಶೆಲ್ಟರ್ ನೌ ಎಂಬ ನೆರವು ಸಂಸ್ಥೆಯ ಎಂಟು ವಿದೇಶಿಯರನ್ನೂ ಹದಿನಾರು ಅಫ್ಘನ್ ನೌಕರರನ್ನೂ ತಾಲಿಬಾನ್ ಬಂಧಿಸಿತು. ವಿದೇಶಿಯರು ಬಿಡುಗಡೆಯಾದ ಮೇಲೆ ಅವರಲ್ಲಿ ಇಬ್ಬರು, ಒಂದು ಅಫ್ಘನ್ ಕುಟುಂಬಕ್ಕೆ ಯೇಸುವಿನ ಜೀವನದ ಚಲನಚಿತ್ರ ತೋರಿಸಿದ್ದು ನಿಜ ಎಂದು ತಾವೇ ಒಪ್ಪಿಕೊಂಡರು. ಬಂಧನ ನಡೆದ ಆ ಆಗಸ್ಟ್ ತಿಂಗಳ ಕೊನೆಗೇ ತಾಲಿಬಾನ್ ದೇಶದಿಂದ ಹೊರಹಾಕಿದ ಸಂಸ್ಥೆಗಳಲ್ಲಿ ಆ ಘಟನೆಗೆ ಸಂಬಂಧವೇ ಇಲ್ಲದ ಇಂಟರ್‌ನ್ಯಾಷನಲ್ ಅಸಿಸ್ಟೆನ್ಸ್ ಮಿಷನ್ ಕೂಡ ಇತ್ತು. ಲಿಟಲ್ ಕೂಡ ಹೊರಡಬೇಕಾಯಿತು. ಒಂದು ಮನೆಯಲ್ಲಿ ತೋರಿಸಿದ ಚಿತ್ರಕ್ಕೆ ಇನ್ನೊಂದು ಸಂಸ್ಥೆಯ ಕಣ್ಣಾಸ್ಪತ್ರೆ ದಂಡ ತೆತ್ತಿತು. 2007ರಲ್ಲಿ ಘಜ್ನಿ ಹೆದ್ದಾರಿಯಲ್ಲಿ ಬಸ್ಸಿನಿಂದ ಅಪಹರಣಕ್ಕೊಳಗಾದ 23 ಕೊರಿಯನ್ ಚರ್ಚ್ ಸ್ವಯಂಸೇವಕರ ಪ್ರಕರಣ ಆ ಶಂಕೆಗೆ ಇನ್ನಷ್ಟು ನೀರೆರೆಯಿತು. ಅವರಲ್ಲಿ ಇಬ್ಬರನ್ನು ಕೊಂದರು. 2010ರ ಮೇ ತಿಂಗಳಲ್ಲಿ ಕಾಬೂಲಿನ ಟಿವಿ ವಾಹಿನಿಯೊಂದು ಅಫ್ಘನ್ನರಿಗೆ ದೀಕ್ಷಾಸ್ನಾನ ಮಾಡಿಸುವ ದೃಶ್ಯ ಬಿತ್ತರಿಸಿದಾಗ ಸಂಸತ್ತಿನಲ್ಲಿ ಮರಣದಂಡನೆಯ ಕೂಗೆದ್ದಿತು. ಹೆಸರಿನಲ್ಲಿ ‘ಚರ್ಚ್’ ಎಂದಿದ್ದ ಎರಡು ನೆರವು ಸಂಸ್ಥೆಗಳನ್ನು ಸರ್ಕಾರ ಅಮಾನತಿನಲ್ಲಿಟ್ಟಿತು. ಕಣ್ಣಿನ ಶಿಬಿರದ ತಂಡ ಬೆಟ್ಟ ಹತ್ತಿದ್ದು ಇದಾದ ಎರಡು ತಿಂಗಳಿಗೆ.

ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಪ್ರಚಾರಕ್ಕೆ ಬಳಸಬಾರದು ಎಂದು ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳ 1994ರ ನೀತಿಸಂಹಿತೆ ಹೇಳುತ್ತದೆ. ಹೆಚ್ಚಿನ ಕ್ರೈಸ್ತ ನೆರವು ಸಂಸ್ಥೆಗಳು ಇದನ್ನು ಪಾಲಿಸುತ್ತವೆ. ಪಾಲಿಸದ ಕೆಲವರು ಮಾಡುವ ಹಾನಿ ಮಾತ್ರ ಅವರಿಗೇ ಸೀಮಿತವಾಗುವುದಿಲ್ಲ. ವಿದೇಶಿಯನಿಗೆ ವಿಮಾನವಿದೆ, ರಾಯಭಾರ ಕಚೇರಿಯಿದೆ, ತಾನೇ ಆರಿಸಿಕೊಂಡ ಅಪಾಯವೆಂಬ ಸಮಾಧಾನವೂ ಇದೆ. ಕಣ್ಣು ಕಾಣದ ಹೆಂಗಸಿಗೆ ಇದಾವುದೂ ಇಲ್ಲ. ತನ್ನ ಕಣಿವೆಯನ್ನು ಯಾರೋ ದತ್ತು ಪಡೆದಿದ್ದಾರೆಂದು ಆಕೆಗೆ ಗೊತ್ತೇ ಇರಲಿಲ್ಲ. ಸೇವೆಯೂ ಮತಾಂತರವೂ ಎಲ್ಲಿ ಬೆರೆಯುತ್ತವೆ ಎಂಬ ಜಗಳ ಕರ್ನಾಟಕಕ್ಕೂ ಹೊಸದಲ್ಲ. ಆದರೆ ಇಲ್ಲಿ ಆ ಜಗಳ ಶಾಸನಸಭೆಯಲ್ಲಿ, ನ್ಯಾಯಾಲಯದಲ್ಲಿ ನಡೆಯುತ್ತದೆ. ಪಾರೂನಿನಂಥ ಕಡೆ ಅದಕ್ಕೆ ಬಂದೂಕಿನ ಹೊರತು ಬೇರೆ ವೇದಿಕೆಯಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ತಾನಾಗಿಯೇ ನಂಬಿಕೆ ಬದಲಿಸಿಕೊಂಡ ಅಫ್ಘನ್ನರೂ ಇದ್ದಾರೆ. ಹಾಗೆ ಬದಲಿಸುವುದು ಅವರ ಹಕ್ಕು; ಅದನ್ನು ಅಪರಾಧವೆನ್ನುವ ಕಾನೂನು ಕಾನೂನೇ ಅಲ್ಲ ಎಂಬುದು ನನ್ನ ನಿಲುವು. 2006ರಲ್ಲಿ ಮತಾಂತರದ ಆರೋಪಕ್ಕೆ ಗಲ್ಲಿನ ಹತ್ತಿರ ಹೋಗಿಬಂದ ಅಬ್ದುಲ್ ರಹಮಾನ್‌ಗೆ ಕೊನೆಗೆ ಇಟಲಿ ಆಶ್ರಯ ನೀಡಿತು. 2010ರಲ್ಲಿ ಬಂಧಿತನಾದ ಇನ್ನೊಬ್ಬ, ನೆಲಬಾಂಬಿಗೆ ಕಾಲು ಕಳೆದುಕೊಂಡು, ತನ್ನಂಥವರಿಗೆ ಕೃತಕ ಕಾಲಿನಲ್ಲಿ ನಡೆಯಲು ಕಲಿಸುತ್ತಿದ್ದ ರೆಡ್ ಕ್ರಾಸ್ ನೌಕರ. ತಿಂಗಳುಗಟ್ಟಲೆ ಸೆರೆಯಲ್ಲಿದ್ದು ದೇಶ ಬಿಟ್ಟ. ಇವರು ನಗರದ ಸಂಪರ್ಕವಿದ್ದವರು, ವಿದೇಶಿ ಪತ್ರಿಕೆಗಳಲ್ಲಿ ಹೆಸರು ಬಂದವರು. ಬೆಟ್ಟದ ಹಳ್ಳಿಯಲ್ಲಿ ಒಬ್ಬ ಯುವಕ ಮೊಬೈಲಿನಲ್ಲಿ ಯಾವುದೋ ಕಥೆ ಕೇಳಿ ಮನಸ್ಸು ಬದಲಿಸಿದ ಎಂದುಕೊಳ್ಳಿ. ಪ್ರಾರ್ಥನಾ ಪಟ್ಟಿಯಲ್ಲಿ ಅವನು ಒಂದು ಅಂಕಿ. ಊರಿನಲ್ಲಿ ಅವನಿಗೆ ಮಂದೆಯಲ್ಲಿ ಪಾಲಿಲ್ಲ, ಕಾಲುವೆಯಲ್ಲಿ ಸರದಿಯಿಲ್ಲ, ಹೆಣ್ಣು ಕೊಡುವವರಿಲ್ಲ, ಸತ್ತರೆ ಸೇಡು ಕೇಳುವವರಿಲ್ಲ. ಒಬ್ಬೊಬ್ಬರಾಗಿ ನಂಬಿಕೆ ಆರಿಸಿಕೊಳ್ಳುವ ಪದ್ಧತಿ ಬೆಳೆದದ್ದು ಒಬ್ಬೊಬ್ಬರಾಗಿ ಬದುಕಬಲ್ಲ ಸಮಾಜಗಳಲ್ಲಿ. ಧ್ವನಿಮುದ್ರಿಕೆ ಕಳಿಸುವವರು ಆಮೇಲಿನ ಚಳಿಗಾಲಗಳ ಹೊಣೆಯನ್ನೂ ಹೊರುತ್ತಾರೆಯೇ ಎಂದು ಅವರನ್ನು ಕೇಳಬೇಕು.

ಇತ್ತ, ಅನುಮಾನ ಬಾರದ ಹಾಗೆ ಸೇವೆ ಮಾಡಲು ಒಂದು ದಾರಿಯಂತೂ ಇತ್ತು: ಕೆಲಸವನ್ನು ಸ್ಥಳೀಯರಿಗೆ ಕಲಿಸಿ ಅವರ ಕೈಗೇ ಬಿಡುವುದು. ಕಾಬೂಲ್ ಮತ್ತಿತರ ಕಡೆಯ ಕಣ್ಣಾಸ್ಪತ್ರೆಗಳಲ್ಲಿ ತರಬೇತಾದ ಅಫ್ಘನ್ ವೈದ್ಯರು, ತಂತ್ರಜ್ಞರು ಹಾಗೆಯೇ ತಯಾರಾದರು. ಈ ದಾರಿ ಕಿರಿದಾಗುತ್ತಿರುವುದಕ್ಕೆ ಯಾವ ಪಾದ್ರಿಯೂ ಕಾರಣನಲ್ಲ. 2022ರ ಡಿಸೆಂಬರಿನಲ್ಲಿ ತಾಲಿಬಾನ್ ಮಹಿಳೆಯರು ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವುದನ್ನು ನಿಷೇಧಿಸಿತು. ಆರೋಗ್ಯ ಕ್ಷೇತ್ರಕ್ಕೆ ಭಾಗಶಃ ವಿನಾಯಿತಿ ಸಿಕ್ಕಿದರೂ, 2024ರ ಡಿಸೆಂಬರಿನಲ್ಲಿ ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿ ಕೇಂದ್ರಗಳಿಂದಲೂ ಹೆಣ್ಣುಮಕ್ಕಳನ್ನು ಹೊರಹಾಕಿತು. 2025ರಲ್ಲಿ ಅಮೆರಿಕ ತನ್ನ ನೆರವು ಕಡಿತಗೊಳಿಸಿದ ಮೇಲೆ ದೇಶದಾದ್ಯಂತ ನೂರಾರು ಚಿಕಿತ್ಸಾಲಯಗಳು ಮುಚ್ಚಿದವು. ಹೆಂಗಸರನ್ನು ಹೆಂಗಸರೇ ಮುಟ್ಟಿ ನೋಡಬೇಕೆನ್ನುವ ಆಡಳಿತವೇ, ಮುಂದೆ ಹಾಗೆ ನೋಡಬೇಕಾದವರು ಕಲಿಯದಂತೆ ಮಾಡಿದೆ. ಪಾರೂನ್ ಕಣಿವೆಯಲ್ಲಿ ಹೆರಿಗೆ ಕಷ್ಟವಾದಾಗ ಮನೆಗೆ ಕರೆಯಲು ಇಂದು ಇರುವುದು ಹಿಂದೆ ತರಬೇತಿ ಪಡೆದು ಉಳಿದಿರುವ ಕೆಲವೇ ಹೆಂಗಸರು, ಅವರೂ ಇಲ್ಲದ ಊರಿನಲ್ಲಿ ಅನುಭವಸ್ಥ ಅಜ್ಜಿಯರು.